ಮುಖದ ಪ್ಯಾನ್‌ಕೇಕು, ಬೂಟಿನ ಪ್ಯಾನ್‌ಕೇಕು

ಬ್ಯಾಲೆ ಕುಣಿಯುವ ಕಪ್ಪು ಹೆಣ್ಣುಮಕ್ಕಳು ರಂಗಕ್ಕೆ ಹೋಗುವ ಮುಂಚೆ ಮಾಡಿಕೊಳ್ಳುವ ಒಂದು ಕೆಲಸಕ್ಕೆ ಪ್ಯಾನ್‌ಕೇಕ್ ಹಚ್ಚುವುದು ಎಂದೇ ಹೆಸರು. ಹಚ್ಚುವುದು ಮುಖಕ್ಕಲ್ಲ, ಬೂಟಿಗೆ. ತುದಿಬೆರಳಿನ ಮೇಲೆ ನಿಲ್ಲಲು ಬೇಕಾದ ಪಾಯಿಂಟ್ ಬೂಟನ್ನು ತಿಳಿಗುಲಾಬಿ ಸ್ಯಾಟಿನ್ನಿನಲ್ಲಿ ಹೊಲಿಯುವುದು ಯುರೋಪಿನಿಂದ ಬಂದ ರೂಢಿ. ಬಿಳಿಯರ ಮೈಬಣ್ಣಕ್ಕೆ ಅದು ಹೊಂದುತ್ತದೆ. ತೊಡೆಯಿಂದ ಬೆರಳ ತುದಿಯವರೆಗೆ ಕಾಲು ಒಂದೇ ಗೆರೆಯಾಗಿ ಕಾಣುತ್ತದೆ. ಕಪ್ಪು ಕಾಲಿಗೆ ಅದೇ ಬೂಟು ತೊಡಿಸಿದರೆ ಕಣಕಾಲಿನ ಹತ್ತಿರ ಆ ಗೆರೆ ತುಂಡಾಗುತ್ತದೆ. ಅದಕ್ಕೇ ಸ್ಪಂಜನ್ನು ನೀರಿನಲ್ಲಿ ಅದ್ದಿ, ತಮ್ಮ ಮೈಬಣ್ಣದ ಪ್ಯಾನ್‌ಕೇಕಿನ ಮೇಲೆ ತಿರುಗಿಸಿ, ಬೂಟಿನ ಮೇಲೆ, ರಿಬ್ಬನ್ನಿನ ಮೇಲೆ, ಹೊಲಿಗೆಯ ಸಂದಿಯಲ್ಲಿ ತಿಕ್ಕುತ್ತಾರೆ. ಒಣಗಲು ಬಿಟ್ಟು ಇನ್ನೊಂದು ಕೋಟು ಕೊಡುತ್ತಾರೆ. ದೊಡ್ಡ ಪಾತ್ರವಾದರೆ ಒಂದು ಜೋಡಿ ಬೂಟು ಒಂದೇ ಸಂಜೆಗೆ ಮೆತ್ತಗಾಗಿ ಬಿಸಾಡುವಂತಾಗುತ್ತದೆ. ಮಾರನೆಯ ದಿನ ಹೊಸ ಜೋಡಿ, ಮತ್ತೆ ಸ್ಪಂಜು.

ಪ್ಯಾನ್‌ಕೇಕ್ ಎಂಬ ಈ ಹೆಸರು ಕರ್ನಾಟಕದ ನೃತ್ಯಶಾಲೆಗಳಿಗೂ ಹೊಸದಲ್ಲ. 1930ರ ದಶಕದ ಕೊನೆಯಲ್ಲಿ ಹಾಲಿವುಡ್ಡಿನ ಬಣ್ಣದ ಚಿತ್ರಗಳಿಗೆಂದು ಮ್ಯಾಕ್ಸ್ ಫ್ಯಾಕ್ಟರ್ ಕಂಪನಿ ತಯಾರಿಸಿದ ಬಿಲ್ಲೆ ಅದು. ಮುಂದೆ ಎಲ್ಲ ಕಂಪನಿಗಳ ಬಿಲ್ಲೆಗೂ ಅದೇ ಹೆಸರು ನಿಂತಿತು. ಯಕ್ಷಗಾನದ ಚೌಕಿಯಲ್ಲಿ ಅರದಾಳ, ಇಂಗಳೀಕ, ಸಫೇತು ಇದ್ದ ಹಾಗೆ, ಊರೂರಿನ ಭರತನಾಟ್ಯದ ಮೇಕಪ್ ಪೆಟ್ಟಿಗೆಯಲ್ಲಿ ಪ್ಯಾನ್‌ಕೇಕು ಇರುತ್ತಿತ್ತು. ಅಲ್ಲಿ ಅದರ ಕೆಲಸ ಒಂದೇ: ಮುಖವನ್ನು ಬೆಳ್ಳಗೆ ಮಾಡುವುದು.

2024ರ ನವೆಂಬರಿನಲ್ಲಿ ಅಮೆರಿಕದ ನರ್ತಕಿ ಜೂಡಿತ್ ಜೇಮಿಸನ್ ತೀರಿಕೊಂಡಾಗ ಪತ್ರಿಕೆಗಳು ಅವರ ಹಳೆಯ ಚಿತ್ರವೊಂದನ್ನು ಮತ್ತೆ ಅಚ್ಚು ಹಾಕಿದವು. ನೀಳ ಕೈ, ಕಡುಗಪ್ಪು ಮೈ, ತಲೆಗೆ ಅಂಟಿದಂತೆ ಕತ್ತರಿಸಿದ ಕೂದಲು, ಗಾಳಿ ತುಂಬಿಕೊಂಡ ಬಿಳಿ ನಿರಿಗೆ ಲಂಗ. ಈ ಲೇಖಕಿಗೆ ಆ ಚಿತ್ರ ಎದುರಾದದ್ದೇ ತಡ, 1970ರ ದಶಕದ ಕೊನೆಯ ಒಂದು ರಾಮೋತ್ಸವದ ರಾತ್ರಿ ಕಣ್ಣ ಮುಂದೆ ಬಂತು.

ಊರು ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರ. ನೃತ್ಯದ ಪಾಠ ದೇವಸ್ಥಾನದ ಹಿಂದಿನ ಛತ್ರದಲ್ಲಿ, ಸಂಜೆ ಐದರಿಂದ. ನೆಲ ಕಾವಿಯದು, ಮಳೆಗಾಲದಲ್ಲಿ ತಣ್ಣಗೆ ಕೊರೆಯುತ್ತಿತ್ತು. ಟೀಚರು ತಟ್ಟುಮಣೆಯ ಮುಂದೆ ಕೂತು ತಟ್ಟಡವು ಹೇಳುತ್ತಿದ್ದರೆ, ಹನ್ನೆರಡು ಮಂದಿ ಹುಡುಗಿಯರು ಮೂರು ಸಾಲಿನಲ್ಲಿ ಅರೆಮಂಡಿ ಕೂರುತ್ತಿದ್ದರು. ಯಾರು ಯಾವ ಸಾಲು ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಬೆಳ್ಳಗಿದ್ದವರು ಮುಂದೆ, ಗೋಧಿಬಣ್ಣದವರು ನಡುವೆ, ‘ಬಣ್ಣ ಸ್ವಲ್ಪ ಕಮ್ಮಿ’ ಇದ್ದವರು ಹಿಂದೆ. ಲೇಖಕಿ ಎಣ್ಣೆಗಪ್ಪು, ಹಾಗಾಗಿ ಹಿಂದಿನ ಸಾಲು. ನೃತ್ಯರೂಪಕ ಬಂದಾಗ ರಾಧೆಯ ಪಾತ್ರಕ್ಕೆ ಮುಂದಿನ ಸಾಲಿನಿಂದ ಹುಡುಕುತ್ತಿದ್ದರು, ಕೃಷ್ಣನಿಗೆ ಹಿಂದಿನ ಸಾಲಿನಿಂದ. ಕೃಷ್ಣ ಎಂದರೆ ಕಪ್ಪು ಎಂದೇ ಅರ್ಥ. ಆದರೂ ಆ ಕಪ್ಪು ಸಾಲದು ಎಂಬಂತೆ ಮೇಲೆ ನೀಲಿ ಬಳಿಯುತ್ತಿದ್ದರು.

ಕಾರ್ಯಕ್ರಮದ ದಿನ ಎಲ್ಲರ ಮುಖಕ್ಕೂ ಒಂದೇ ಬಿಲ್ಲೆ. ಟೀಚರು ಮದರಾಸಿನಿಂದ ತರಿಸಿಕೊಂಡಿದ್ದದ್ದು, ಗುಲಾಬಿ ಛಾಯೆಯದು. ಒದ್ದೆ ಸ್ಪಂಜು ಹಣೆಗೆ ತಾಗಿದಾಗಿನ ತಂಪು ಇಷ್ಟವಾಗುತ್ತಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಗದ್ದದ ಕೆಳಗೆ ಬಣ್ಣ ಥಟ್ಟನೆ ನಿಲ್ಲುತ್ತಿತ್ತು. ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕುತ್ತಿಗೆಯೊಂದು ಬಣ್ಣ, ಮುಖವೊಂದು ಬಣ್ಣ. ಪಲ್ಲವಿ ಮುಗಿಯುವ ಹೊತ್ತಿಗೆ ಬೆವರು ಕೆನ್ನೆಯ ಮೇಲೆ ಕಾಲುವೆ ತೋಡುತ್ತಿತ್ತು.

ಆ ಟೀಚರು ಕೆಟ್ಟವರಲ್ಲ. ಕಾಲು ಉಳುಕಿದ ಮಗುವನ್ನು ಮನೆಗೆ ಕರೆದೊಯ್ದು ಬಿಸಿ ಎಣ್ಣೆ ನೀವಿ ಕಳಿಸುತ್ತಿದ್ದರು. ಫೀಸು ತರಲಾಗದವರಿಂದ ಎಂದೂ ಕೇಳಿದವರಲ್ಲ. ಸ್ಪಂಜು ಹಿಡಿದಾಗಲೂ ಅವರ ಮನಸ್ಸಿನಲ್ಲಿದ್ದದ್ದು ಅಕ್ಕರೆಯೇ: ಮಗು ಸ್ಟೇಜಿನ ಮೇಲೆ ಚೆನ್ನಾಗಿ ಕಾಣಲಿ. ನೋವು ಕೊಟ್ಟದ್ದೂ ಅದೇ ಕೈ, ನೋವಿಗೆ ಎಣ್ಣೆ ನೀವಿದ್ದೂ ಅದೇ ಕೈ. ಇದನ್ನು ಬಿಡಿಸಿ ನೋಡಲು ಲೇಖಕಿಗೆ ನಲವತ್ತು ವರ್ಷ ಬೇಕಾಯಿತು. ಅಷ್ಟೇ ಅಲ್ಲ. ಹದಿನೇಳು ತುಂಬುವ ಹೊತ್ತಿಗೆ ಸ್ಪಂಜು ಲೇಖಕಿಯ ಕೈಗೇ ಬಂದಿತ್ತು. ಏಳೆಂಟು ವರ್ಷದ ಒಂದು ಮಗುವಿಗೆ ಅದೇ ಗುಲಾಬಿ ಬಿಲ್ಲೆ ಹಚ್ಚಿ ಮುಗಿಸಿದಾಗ, ಅದು ಎರಡೂ ಅಂಗೈ ಮಗುಚಿ ಹಿಡಿದು, ‘ಅಕ್ಕಾ, ಕೈಗೂ ಹಚ್ಚು’ ಎಂದಿತು. ಬಿಲ್ಲೆ ಖರ್ಚಾಗುತ್ತದೆ ಎಂದು ಗದರಿಸಿ ಕಳಿಸಿದ್ದಾಯಿತು.

ಇದೇ ಬಿಳಿ ಬಣ್ಣ ಅಮೆರಿಕದ ಕಪ್ಪು ನರ್ತಕಿಯರ ಮುಂದೆ ಷರತ್ತಾಗಿ ಬಂದಿತ್ತು. ನ್ಯೂ ಆರ್ಲಿಯನ್ಸಿನಲ್ಲಿ 1917ರಲ್ಲಿ ಹುಟ್ಟಿ ಲಾಸ್ ಏಂಜಲೀಸಿನಲ್ಲಿ ಬೆಳೆದ ಜಾನೆಟ್ ಕಾಲಿನ್ಸ್ ಹದಿಹರೆಯದಲ್ಲಿ ಬ್ಯಾಲೆ ರೂಸ್ ತಂಡದ ಆಯ್ಕೆಗೆ ಹೋಗಿದ್ದರು. ಕುಣಿತ ಮೆಚ್ಚಿದರು, ಆದರೆ ಸೇರಬೇಕಾದರೆ ಮುಖಕ್ಕೂ ಮೈಗೂ ಬಿಳಿ ಬಳಿದುಕೊಳ್ಳಬೇಕೆಂದರು. ಕಾಲಿನ್ಸ್ ಒಲ್ಲೆ ಎಂದು ಹೊರಬಂದರು. 1951ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾದಲ್ಲಿ ಪ್ರಧಾನ ನರ್ತಕಿಯಾದಾಗ ಆ ಸ್ಥಾನಕ್ಕೇರಿದ ಮೊದಲ ಕಪ್ಪು ಕಲಾವಿದೆ ಅವರೇ. ರೇವನ್ ವಿಲ್ಕಿನ್ಸನ್ 1955ರಲ್ಲಿ ಬ್ಯಾಲೆ ರೂಸ್ ಡ ಮಾಂಟೆ ಕಾರ್ಲೊ ತಂಡ ಸೇರಿದರು. ತೆಳು ಮೈಬಣ್ಣದವರಾದ ಅವರು ರಂಗದ ಮೇಲೆ ಬಿಳಿ ಮೇಕಪ್ ಹಚ್ಚಿಕೊಂಡೇ ಕುಣಿಯುತ್ತಿದ್ದರು. ತಂಡ ಬಸ್ಸಿನಲ್ಲಿ ದಕ್ಷಿಣದ ರಾಜ್ಯಗಳಿಗೆ ಹೋದಾಗ, ಅಟ್ಲಾಂಟದ ಹೋಟೆಲೊಂದರಲ್ಲಿ ನೀನು ಕರಿಯಳೇ ಎಂದು ಕೇಳಿದರು. ವಿಲ್ಕಿನ್ಸನ್ ಸುಳ್ಳು ಹೇಳಲಿಲ್ಲ, ಹೊರಗೆ ಕಳಿಸಿದರು. ಆರು ವರ್ಷದಲ್ಲಿ ತಂಡವನ್ನೇ ಬಿಡಬೇಕಾಯಿತು.

ರಾಮೋತ್ಸವದ ಗುಲಾಬಿ ಬಿಲ್ಲೆಯನ್ನು ಇದರ ಜೊತೆ ಒಂದೇ ತಕ್ಕಡಿಯಲ್ಲಿ ಇಡಲಾಗದು. ಹಿಂದಿನ ಸಾಲಾದರೂ ಛತ್ರದ ಒಳಗೆ ಜಾಗವಿತ್ತು. ಅದೇ ಊರಿನ ಕೇರಿಯ ಮಕ್ಕಳು ಆ ಛತ್ರದ ಕಿಟಕಿಯಾಚೆ ನಿಂತು ನೋಡುತ್ತಿದ್ದರೇ ಹೊರತು ಒಳಗೆ ಬಂದದ್ದಿಲ್ಲ. ಅವರನ್ನು ಕರೆಯಬೇಕೆಂದು ಒಳಗಿದ್ದ ಹನ್ನೆರಡು ಮಂದಿಯಲ್ಲಿ ಯಾರಿಗೂ ಹೊಳೆದದ್ದೂ ಇಲ್ಲ. ಒಳಗೆ ಕಲಿಸುತ್ತಿದ್ದ ಅಡವುಗಳು ಯಾರ ಮನೆಯ ಆಸ್ತಿ ಎಂಬುದನ್ನೂ ಆಗ ಯಾರೂ ಹೇಳಿರಲಿಲ್ಲ. ಮೈಸೂರು ಸಂಸ್ಥಾನ 1909ರಲ್ಲಿ ದೇವಾಲಯಗಳ ದೇವದಾಸಿ ಸೇವೆಯನ್ನು ನಿಲ್ಲಿಸಿತು, ಮದರಾಸಿನಲ್ಲಿ 1947ರಲ್ಲಿ ಕಾಯಿದೆ ಬಂತು. ಕುಣಿತ ಕಾಪಾಡಿಕೊಂಡು ಬಂದ ಹೆಣ್ಣುಮಕ್ಕಳು ಹೊರಗಾದರು, ಕುಣಿತ ಮಾತ್ರ ಮೇಲ್ಜಾತಿಯ ಮನೆಗಳಿಗೆ ಬಂತು. ಬಣ್ಣದ ನೋವು ನಿಜವೇ. ಆದರೆ ಆ ನೋವನ್ನು ಉಣ್ಣಲಿಕ್ಕೂ ಒಂದು ಹೊಸ್ತಿಲು ದಾಟಿರಬೇಕಿತ್ತು.

ಕಪ್ಪು ಅಮೆರಿಕನ್ನರು ಮಾಡಿದ ಕೆಲಸದ ದೊಡ್ಡತನ ಇರುವುದು ಈ ಹೊಸ್ತಿಲಿನ ವಿಷಯದಲ್ಲಿ. ಒಳಗೆ ಬಿಡಿ ಎಂದು ಕೇಳುತ್ತಲೇ ಅವರು ತಮ್ಮದೇ ಮನೆಗಳನ್ನೂ ಕಟ್ಟಿದರು. ಮೊದಲಿಗರಲ್ಲಿ ಕ್ಯಾಥರೀನ್ ಡನ್‌ಹ್ಯಾಮ್ ಒಬ್ಬರು. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾನವಶಾಸ್ತ್ರ ಓದಿ, 1935ರಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹೋಗಿ ಹೈಟಿ, ಜಮೈಕಾಗಳ ಕುಣಿತಗಳನ್ನು ಅಲ್ಲಿಯ ಜನರ ನಡುವೆ ಇದ್ದು ಕಲಿತರು. ಆ ಬೆನ್ನು, ಆ ಸೊಂಟ, ಆ ಲಯಗಳಿಂದ ಒಂದು ಅಭ್ಯಾಸಕ್ರಮವನ್ನೇ ಕಟ್ಟಿದರು. ಜಗತ್ತು ಸುತ್ತಿದ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ಅವರು ನೆಲೆಯಾದದ್ದು ಇಲಿನಾಯ್ ರಾಜ್ಯದ ಈಸ್ಟ್ ಸೇಂಟ್ ಲೂಯಿ ಎಂಬ ಬಡ ಊರಿನಲ್ಲಿ. 1967ರಲ್ಲಿ ಅಲ್ಲಿ ತೆರೆದ ಕೇಂದ್ರದಲ್ಲಿ ಬೀದಿ ಗುಂಪುಗಳ ಹುಡುಗರಿಗೂ ಡೋಲು, ಕುಣಿತ, ಕಾಳಗದ ಕಲೆ ಕಲಿಸಿದರು. 1992ರಲ್ಲಿ ಅಮೆರಿಕ ಹೈಟಿಯ ನಿರಾಶ್ರಿತರನ್ನು ವಾಪಸು ಅಟ್ಟುತ್ತಿದ್ದಾಗ, 82ರ ವಯಸ್ಸಿನಲ್ಲಿ 47 ದಿನ ಉಪವಾಸ ಕೂತರು. ಎಳೆಯದರಲ್ಲಿ ಅಡವು ಕಲಿಸಿದ ನೆಲದ ಋಣವನ್ನು ಹೀಗೆ ತೀರಿಸಿದವರು ಅಪರೂಪ.

ಡನ್‌ಹ್ಯಾಮ್ ತಂಡದ ಕುಣಿತ ನೋಡಿ ಬೆರಗಾದ ಹುಡುಗರಲ್ಲಿ ಆಲ್ವಿನ್ ಏಲಿ ಒಬ್ಬ. ಹುಟ್ಟಿದ್ದು 1931ರಲ್ಲಿ, ಟೆಕ್ಸಸ್ಸಿನ ರಾಜರ್ಸ್ ಎಂಬ ಹಳ್ಳಿಯಲ್ಲಿ. ಅಪ್ಪ ಬಿಟ್ಟುಹೋಗಿದ್ದ, ಅಮ್ಮ ಹತ್ತಿ ಬಿಡಿಸಿ, ಮನೆಗೆಲಸ ಮಾಡಿ ಸಾಕಿದಳು. ಹನ್ನೊಂದರ ಸುಮಾರಿಗೆ ಲಾಸ್ ಏಂಜಲೀಸಿಗೆ ಬಂದ. ಅವನನ್ನು 1949ರಲ್ಲಿ ಲೆಸ್ಟರ್ ಹಾರ್ಟನ್ನರ ನೃತ್ಯಶಾಲೆಗೆ ಕೈಹಿಡಿದು ಕರೆದೊಯ್ದ ಸಹಪಾಠಿ ಕಾರ್ಮೆನ್ ಡ ಲವಾಲಾಡ್. ಬಿಳಿ ಬಳಿದುಕೊಳ್ಳಲು ಒಪ್ಪದ ಜಾನೆಟ್ ಕಾಲಿನ್ಸರ ಸೋದರಸಂಬಂಧಿ. ಬಿಳಿಯರು, ಕರಿಯರು, ಮೆಕ್ಸಿಕನ್ನರು, ಜಪಾನಿ ಮೂಲದವರು ಒಟ್ಟಿಗೆ ಕಲಿಯುತ್ತಿದ್ದ ಶಾಲೆ ಅದು. ಆ ಕಾಲದಲ್ಲಿ ಇನ್ನೆಲ್ಲೂ ಹಾಗಿರುವುದು ಕಷ್ಟವಿತ್ತು.

1958ರಲ್ಲಿ ಏಲಿ ನ್ಯೂಯಾರ್ಕಿನಲ್ಲಿ ತಮ್ಮ ತಂಡ ಕಟ್ಟಿದರು. 1960ರ ಜನವರಿ 31ರಂದು ಅವರ ‘ರೆವೆಲೇಷನ್ಸ್’ ನೃತ್ಯ ರಂಗವೇರಿತು. ಅದನ್ನು ಅವರು ನೆತ್ತರಿನ ನೆನಪು ಎಂದು ಕರೆಯುತ್ತಿದ್ದರು. ಟೆಕ್ಸಸ್ಸಿನ ಬಾಲ್ಯ ಅದರಲ್ಲಿ ಹಾಗೆಯೇ ಇದೆ: ಕೊಳದಲ್ಲಿ ಮುಳುಗಿಸಿ ಕೊಡುವ ದೀಕ್ಷಾಸ್ನಾನ, ಬಿಳಿ ಬಟ್ಟೆಯ ಮೆರವಣಿಗೆ, ಭಾನುವಾರದ ಸೆಕೆಯಲ್ಲಿ ಚರ್ಚಿಗೆ ಬಂದು ಬೀಸಣಿಗೆ ಬೀಸಿಕೊಳ್ಳುವ ದೊಡ್ಡಮ್ಮಂದಿರು. ರಂಗದ ಉದ್ದಕ್ಕೂ ನೀಲಿ ಬಟ್ಟೆ ಹಿಡಿದು ಅಲುಗಿಸುತ್ತಾರೆ, ಅಷ್ಟೇ, ನೀರು ಬಂದುಬಿಡುತ್ತದೆ. ಕೊನೆಯ ಭಾಗದ ಹಳದಿ ಗೌನಿನ ಹೆಂಗಸರು ಸ್ಟೂಲಿನ ಮೇಲೆ ಕೂತು ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುವ ರೀತಿಯಿದೆಯಲ್ಲ, ಮಲೆನಾಡಿನ ಮದುವೆಮನೆಯ ಹಜಾರದಲ್ಲಿ ಕೂತ ಹಿರಿಯ ಹೆಂಗಸರನ್ನು ಕಂಡವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ.

ಏಲಿಯ ಅಮ್ಮನ ಹುಟ್ಟುಹಬ್ಬದ ಉಡುಗೊರೆಯಾಗಿ 1971ರಲ್ಲಿ ಬಂದದ್ದು ‘ಕ್ರೈ’. ಹದಿನಾರು ನಿಮಿಷ, ಒಬ್ಬಳೇ ಹೆಂಗಸು, ಜೂಡಿತ್ ಜೇಮಿಸನ್. ಎಲ್ಲ ಕಡೆಯ ಎಲ್ಲ ಕಪ್ಪು ಹೆಂಗಸರಿಗೆ, ಅದರಲ್ಲೂ ನಮ್ಮ ತಾಯಂದಿರಿಗೆ ಎಂಬುದು ಅರ್ಪಣೆ. ಕೈಯಲ್ಲಿ ಒಂದು ಉದ್ದನೆಯ ಬಿಳಿ ಬಟ್ಟೆ. ಅದನ್ನೇ ನೆಲಕ್ಕೆ ಹಾಸಿ ಮಂಡಿಯೂರಿ ಉಜ್ಜುತ್ತಾಳೆ. ಅದೇ ಹೆಗಲಿಗೆ ಬಂದು ಹೊದಿಕೆಯಾಗುತ್ತದೆ, ತಲೆಗೆ ಸುತ್ತಿದರೆ ರಾಣಿಯ ಪೇಟವಾಗುತ್ತದೆ. ಲೇಖಕಿ ಇದನ್ನು ಮೊದಲು ನೋಡಿದ್ದು 1990ರ ದಶಕದಲ್ಲಿ, ಅಮೆರಿಕದ ಒಂದು ಗ್ರಂಥಾಲಯದಲ್ಲಿ, ಗೆರೆ ಬಿದ್ದ ವಿಡಿಯೊ ಟೇಪಿನಲ್ಲಿ. ಕಾಡಿದ್ದು ಕುಣಿತಕ್ಕಿಂತ ಮೊದಲು ಕುತ್ತಿಗೆ. ಜೇಮಿಸನ್ ಅವರ ಮುಖ, ಕುತ್ತಿಗೆ, ಕೈ, ಪಾದ ಎಲ್ಲ ಒಂದೇ ಬಣ್ಣ, ಎಲ್ಲೂ ಗೆರೆಯಿಲ್ಲ. ರಂಗದ ದೀಪಗಳನ್ನೇ ಆ ಬಣ್ಣಕ್ಕೆ ತಕ್ಕಂತೆ ಹೊಂದಿಸಿದಂತೆ ಕಂಡಿತು. ಟೇಪನ್ನು ಹಿಂದಕ್ಕೆ ತಿರುಗಿಸಿ ಮೂರು ಸಲ ನೋಡಿದ್ದಾಯಿತು.

ಏಲಿಯ ಮನೆಯಲ್ಲೂ ಎಲ್ಲ ಗಾಯಕ್ಕೂ ಮದ್ದಿರಲಿಲ್ಲ. 1989ರ ಡಿಸೆಂಬರಿನಲ್ಲಿ ಅವರು ಏಡ್ಸ್‌ನಿಂದ ತೀರಿಕೊಂಡಾಗ, ಅಮ್ಮನಿಗೆ ನೋವಾಗಬಾರದೆಂದು ಅವರೇ ಬಯಸಿದ್ದರಿಂದ, ರಕ್ತದ ಬೇರೊಂದು ಕಾಯಿಲೆಯೆಂದು ಹೊರಗೆ ಹೇಳಬೇಕಾಯಿತು. ಸಾವಿರಾರು ಜನಕ್ಕೆ ನಿಮ್ಮ ಮೈಯನ್ನು ಮರೆಮಾಚಬೇಡಿ ಎಂದು ತೋರಿಸಿಕೊಟ್ಟವರು ತಮ್ಮದನ್ನು ಮರೆಮಾಚಿ ಹೋದರು. ಅದೇ ವರ್ಷ ಕ್ಯಾನ್ಸಸ್ ಸಿಟಿಯಲ್ಲಿ ಅವರ ಹೆಸರಿನ ಮಕ್ಕಳ ಬೇಸಿಗೆ ಶಿಬಿರ ಶುರುವಾಗಿತ್ತು. ಹನ್ನೊಂದರಿಂದ ಹದಿನಾಲ್ಕರ ಮಕ್ಕಳಿಗೆ ಕುಣಿತದ ಜೊತೆಗೆ ಮನಸ್ಸಿನ ಮಾತನಾಡಲು ಕಲಿಸುವ ಶಿಬಿರ. ಅದು ಇಂದಿಗೂ ಹಲವು ಊರುಗಳಲ್ಲಿ ನಡೆಯುತ್ತಿದೆ.

ಬೂಟಿನ ಕತೆ ನ್ಯೂಯಾರ್ಕಿನ ಹಾರ್ಲೆಮ್ ಕೇರಿಯದು. ಆರ್ಥರ್ ಮಿಚೆಲ್ 1955ರಲ್ಲಿ ನ್ಯೂಯಾರ್ಕ್ ಸಿಟಿ ಬ್ಯಾಲೆ ಸೇರಿದರು. 1957ರ ‘ಆಗಾನ್’ ಬ್ಯಾಲೆಯಲ್ಲಿ ಬಿಳಿಯ ನರ್ತಕಿ ಡಯಾನಾ ಆಡಮ್ಸ್ ಜೊತೆ ಕುಣಿದು ಹೆಸರು ಮಾಡಿದರು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾದ ಸುದ್ದಿ ಕಿವಿಗೆ ಬಿದ್ದಾಗ ಮಿಚೆಲ್ ಬ್ರೆಜಿಲ್ಲಿನ ವಿಮಾನ ಹಿಡಿಯಲು ಹೊರಟಿದ್ದರು. ಅಲ್ಲಿ ಒಂದು ಬ್ಯಾಲೆ ತಂಡ ಕಟ್ಟುತ್ತಿದ್ದರು. ದೂರದೂರಿನಲ್ಲಿ ಕಟ್ಟುವುದನ್ನು ತಾನು ಹುಟ್ಟಿದ ಕೇರಿಯಲ್ಲೇ ಏಕೆ ಕಟ್ಟಬಾರದು ಎಂಬ ಪ್ರಶ್ನೆ ಆಗ ಎದ್ದಿತು. ತಮ್ಮ ಗುರು ಕಾರೆಲ್ ಶೂಕ್ ಜೊತೆಗೂಡಿ 1969ರಲ್ಲಿ ಡಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಶುರುಮಾಡಿದರು. ಮೊದಲ ಪಾಠಗಳು ಗ್ಯಾರೇಜೊಂದರಲ್ಲಿ. ಸೆಕೆಗೆ ಬಾಗಿಲು ತೆರೆದೇ ಇರುತ್ತಿತ್ತು; ಬೀದಿಯ ಮಕ್ಕಳು ಇಣುಕಿದರು, ಇಣುಕಿದವರು ಒಳಗೆ ಬಂದರು, ಸ್ವಲ್ಪ ಕಾಲದಲ್ಲೇ ನೂರಾರು ಮಂದಿಯಾದರು. ಬಿಗಿಯಾದ ಟೈಟ್ಸ್ ತೊಡಲು ಹುಡುಗರು ನಾಚಿದಾಗ, ಕತ್ತರಿಸಿದ ಜೀನ್ಸ್ ಚಡ್ಡಿಯಲ್ಲೇ ಬನ್ನಿ ಎಂದರು ಮಿಚೆಲ್.

ಆ ತೆರೆದ ಬಾಗಿಲನ್ನು ಓದುವಾಗಲೆಲ್ಲ ಛತ್ರದ ಕಿಟಕಿ ನೆನಪಾಗುತ್ತದೆ.

1970ರ ದಶಕದ ಮೊದಲ ವರ್ಷಗಳಲ್ಲಿ ಹಾರ್ಲೆಮಿನ ತಂಡ ಗುಲಾಬಿ ಟೈಟ್ಸನ್ನೇ ಕೈಬಿಟ್ಟಿತು. ಪ್ರತಿಯೊಬ್ಬ ನರ್ತಕಿಯ ಟೈಟ್ಸಿಗೂ ಬೂಟಿಗೂ ಅವಳದೇ ಮೈಬಣ್ಣ ಹಾಕತೊಡಗಿದರು. ಹತ್ತು ಮಂದಿ ಇದ್ದರೆ ಹತ್ತು ಹದ. ಯಾರಿಗೆ ಎಷ್ಟು ಕೆಂಪು, ಎಷ್ಟು ಕಂದು ಬೆರೆಸಬೇಕೆಂಬ ಲೆಕ್ಕ. ಬ್ಯಾಲೆಯ ಹೆಜ್ಜೆ ಒಂದಿಷ್ಟೂ ಬದಲಾಗಲಿಲ್ಲ, ವ್ಯಾಕರಣ ಹಾಗೇ ಉಳಿಯಿತು. ಬದಲಾದದ್ದು ಬಟ್ಟೆ. ಮೈಯನ್ನು ವೇಷಕ್ಕೆ ಒಗ್ಗಿಸುವ ಬದಲು ವೇಷವನ್ನು ಮೈಗೆ ಒಗ್ಗಿಸಿದರು. ಆರೈಕೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಲೇಖಕಿಗೆ ಸಿಕ್ಕಿಲ್ಲ.

ಸಮಕಾಲೀನ ನೃತ್ಯದಲ್ಲಿ ಇದೇ ವಿಚಾರ ಇನ್ನಷ್ಟು ಮುಂದೆ ಹೋಯಿತು. ಜವೋಲೆ ವಿಲ್ಲಾ ಜೊ ಜೋಲರ್ 1984ರಲ್ಲಿ ನ್ಯೂಯಾರ್ಕಿನಲ್ಲಿ ಅರ್ಬನ್ ಬುಷ್ ವಿಮೆನ್ ತಂಡ ಕಟ್ಟಿದರು. ಹಿಂಭಾಗವನ್ನು ಒಳಗೆಳೆದುಕೋ ಎಂದು ಬ್ಯಾಲೆಯ ತರಗತಿಗಳಲ್ಲಿ ಕಪ್ಪು ಹುಡುಗಿಯರು ಕೇಳಿಸಿಕೊಂಡ ಮಾತಿಗೆ ಉತ್ತರವಾಗಿ 1995ರ ‘ಬ್ಯಾಟಿ ಮೂವ್ಸ್’ ಬಂತು. ಸೊಂಟ, ನಿತಂಬಗಳ ಸಂಭ್ರಮ ಅದು. 2001ರ ‘ಹೇರ್‌ಸ್ಟೋರೀಸ್’ ಗುಂಗುರು ಕೂದಲಿನ ಬಗ್ಗೆ. ಅದರ ಸುತ್ತ ಅವರು ನಡೆಸಿದ ಕೂದಲಿನ ಕೂಟಗಳು ಮನೆಗಳಲ್ಲಿ, ಸಲೂನುಗಳಲ್ಲಿ ನಡೆದವು: ಒಂದಿಷ್ಟು ಕುಣಿತ, ಆಮೇಲೆ ಮಾತು. ಬಿಸಿ ಬಾಚಣಿಗೆಯಿಂದ ಕಿವಿ ಸುಟ್ಟದ್ದು, ಯಾರು ಯಾರಿಗೆ ಏನಂದರು ಎಂಬುದು, ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಜಡೆ ಹಾಕಿಸಿಕೊಂಡದ್ದು. ಭರತನಾಟ್ಯಕ್ಕೆಂದು ಗುಂಗುರು ಕೂದಲನ್ನು ನೀರು, ಎಣ್ಣೆ ಹಾಕಿ ನೆತ್ತಿಗೆ ಅಂಟಿಸಿ, ಮೊಣಕಾಲುದ್ದ ಚೌರಿ ಕಟ್ಟಿಸಿಕೊಂಡವರಿಗೂ ಇಂಥ ಒಂದು ಕೂಟದಲ್ಲಿ ಹೇಳಿಕೊಳ್ಳಲು ಬೇಕಾದಷ್ಟಿದೆ.

ಕೊಲ್ಕತ್ತದಲ್ಲಿ ಬೆಳೆದ ಅನನ್ಯಾ ಚಟರ್ಜಿಯಾ 2004ರಲ್ಲಿ ಮಿನ್ನಿಯಾಪೊಲಿಸ್ಸಿನಲ್ಲಿ ಕಟ್ಟಿದ ತಂಡದಲ್ಲಿ ಒಡಿಸ್ಸಿ, ಛಾವು, ಯೋಗ ಮೂರೂ ಸೇರಿ ಒಂದು ಹೊಸ ಕ್ರಮವಾಗಿದೆ. ಕಪ್ಪು, ಕಂದು ಬಣ್ಣದ ಹೆಣ್ಣುಮಕ್ಕಳು ಅಲ್ಲಿ ಹೆಗಲಿಗೆ ಹೆಗಲು ಕೊಟ್ಟು ಕುಣಿಯುತ್ತಾರೆ. ಭಾರತದಿಂದ ಹೋದವರು ಬಿಳಿಯರ ಪಕ್ಕದಲ್ಲಿ ಜಾಗ ಹುಡುಕುವುದೇ ಹೆಚ್ಚು. ಕರಿಯರ ಪಕ್ಕ ನಿಂತ ಈ ನಡೆಗೆ ಅದಕ್ಕೇ ಬೆಲೆ ಜಾಸ್ತಿ.

ಆರ್ಥರ್ ಮಿಚೆಲ್ 2018ರ ಸೆಪ್ಟೆಂಬರಿನಲ್ಲಿ, ರೇವನ್ ವಿಲ್ಕಿನ್ಸನ್ ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವೆರಡರ ನಡುವೆ, ಅಕ್ಟೋಬರಿನಲ್ಲಿ, ಲಂಡನ್ನಿನ ಫ್ರೀಡ್ ಕಂಪನಿ ಬ್ಯಾಲೆ ಬ್ಲ್ಯಾಕ್ ತಂಡದ ಜೊತೆಗೂಡಿ ಕಂದು ಬಣ್ಣದ ಪಾಯಿಂಟ್ ಬೂಟುಗಳನ್ನು ಮಾರುಕಟ್ಟೆಗೆ ತಂದಿತು. ಬಣ್ಣ ಎರಡು, ಒಂದು ಕಂದು, ಒಂದು ಕಂಚು. ಆ ಎರಡರ ನಡುವೆ, ಆಚೆ, ಈಚೆ ಇರುವವರು ಇನ್ನೂ ಸ್ಪಂಜು ಹಿಡಿಯುತ್ತಾರೆ.

ಕಳೆದ ಗಣೇಶನ ಹಬ್ಬದಲ್ಲಿ ಲೇಖಕಿಯ ಕೈಗೆ ಮತ್ತೆ ಸ್ಪಂಜು ಬಂತು. ಸಮುದಾಯ ಭವನದ ಹಿಂದಿನ ಕೋಣೆ, ಹತ್ತು ವರ್ಷದ ಎಣ್ಣೆಗಪ್ಪಿನ ಹುಡುಗಿ, ರಾಧೆಯ ಪಾತ್ರ. ಪೆಟ್ಟಿಗೆಯಲ್ಲಿದ್ದ ಗಾಢ ಬಣ್ಣಗಳಲ್ಲಿ ಯಾವುದೂ ಒಂದೇ ಸಲಕ್ಕೆ ಹೊಂದಲಿಲ್ಲ. ಎರಡನ್ನು ಅಂಗೈಯ ಹಿಂಬದಿಯಲ್ಲಿ ಬೆರೆಸಿ, ಅವಳ ಕುತ್ತಿಗೆಗೆ ಒಂದು ಚುಕ್ಕೆ ಇಟ್ಟು ನೋಡಿ, ಇನ್ನಷ್ಟು ಕೆಂಪು ಸೇರಿಸಿ, ಮತ್ತೊಂದು ಚುಕ್ಕೆ ಇಟ್ಟು, ಆಮೇಲೆ ಹಚ್ಚಲು ಶುರುಮಾಡಿದ್ದು. ಹೊರಗೆ ಹೆಸರು ಕೂಗುತ್ತಿದ್ದರು. ಹುಡುಗಿ ತನ್ನ ಕೈಯನ್ನು ಕೆನ್ನೆಯ ಪಕ್ಕ ಹಿಡಿದು ಕನ್ನಡಿ ನೋಡಿಕೊಂಡಳು. ಗೆಜ್ಜೆ ಸರಿಮಾಡಿಕೊಂಡು ಹೊರಗೆ ಓಡಿದಳು.